‘ಯಾರ ಮೇಲಾದರೂ ಸಂಶಯ ಇದೆಯೇ?’

(ಶಿರಸಿಯಲ್ಲಿ ಓದುಗರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳವಿನ ದೂರು ಕೊಡಲು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಿಗೆಲ್ಲ ಒಂದು ಪ್ರಶ್ನೆ ಪರಿಚಿತ. ಏನು ಹೋಯಿತು, ಯಾವಾಗ ಹೋಯಿತು, ಬೆಲೆ ಎಷ್ಟಾದೀತು ಎಂದೆಲ್ಲ ಬರೆದುಕೊಂಡ ಮೇಲೆ ಪೊಲೀಸರು ಪೆನ್ನು ನಿಲ್ಲಿಸಿ ತಲೆಯೆತ್ತಿ ಕೇಳುತ್ತಾರೆ: ‘ಯಾರ ಮೇಲಾದರೂ ಸಂಶಯ ಇದೆಯೇ?’ ದೂರು ಕೊಡಲು ಬಂದವರು ಆಗ ಒಂದು ಕ್ಷಣ ಸುಮ್ಮನಾಗುತ್ತಾರೆ. ಅಷ್ಟು ಹೊತ್ತು ಪಟಪಟನೆ ಮಾತಾಡಿದವರೂ ಬಾಗಿಲ ಕಡೆ ಒಮ್ಮೆ ನೋಡುತ್ತಾರೆ. ವರದಿಗಾರನಾದ ಮೇಲೆ ಆ ಮೌನವನ್ನು ನಾನು ಹಲವು ಸಲ ಕಂಡಿದ್ದೇನೆ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ಮೌನಕ್ಕೆ ಕಾರಣವಾದ ಪದದ ಬಗ್ಗೆ. ಭಾಷಾಶಾಸ್ತ್ರ ಓದಿದವನಲ್ಲ ನಾನು. ದಿನಕ್ಕೆ ನಾಲ್ಕಾರು ಸುದ್ದಿ ಬರೆಯುವವನು ಆ ಪದವನ್ನು ಬಳಸಿ ಕೈ ಸುಟ್ಟುಕೊಂಡ ಅನುಭವದಿಂದ ಮಾತಾಡುತ್ತಿದ್ದೇನೆ ಎಂದು ತಿಳಿಯಿರಿ.

ಪದ ಒಂದೇ ಅಲ್ಲ, ನಾಲ್ಕೈದಿವೆ. ಸಂಶಯ, ಅನುಮಾನ, ಸಂದೇಹ, ಶಂಕೆ, ಗುಮಾನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಮಾತಿನಲ್ಲಿ ಓಡಾಡುವುದು ಮೊದಲಿನ ಎರಡು. ಸಂದೇಹ ಪುಸ್ತಕದ ಪದ. ಶಂಕೆ ಪತ್ರಿಕೆಯ ಪದ. ಮನೆಯೊಳಗೆ ಅದು ಬಂದರೆ ಲಘುಶಂಕೆ, ದೀರ್ಘಶಂಕೆಗಳ ರೂಪದಲ್ಲಿ ಬರುವುದೇ ಹೆಚ್ಚು! ಗುಮಾನಿ ಪಾರಸಿಯಿಂದ ಬಂದದ್ದು. ಅದರಲ್ಲಿ ಪೊಲೀಸು, ಕಚೇರಿಯ ವಾಸನೆ ಇದೆ. ಈಗ ಇವುಗಳ ಸಾಲಿಗೆ ‘ಡೌಟು’ ಸೇರಿಕೊಂಡು ಎಲ್ಲರಿಗಿಂತ ಮುಂದೆ ಓಡುತ್ತಿದೆ. ಕುತೂಹಲದ ಸಂಗತಿಯೆಂದರೆ ಇವೆಲ್ಲ ಹೊರಗಿನಿಂದ ಬಂದ ಪದಗಳು. ದಿನಬಳಕೆಯಲ್ಲಿ ಇವಕ್ಕೆ ಸಾಟಿಯಾಗಿ ನಿಲ್ಲುವ ಅಚ್ಚಗನ್ನಡದ ನಾಮಪದ ಒಂದೂ ನನ್ನ ಬಾಯಿಗೆ ಬರುವುದಿಲ್ಲ. ಹಾಗೆಂದು ಕನ್ನಡಿಗರಿಗೆ ಅನುಮಾನವೇ ಇರಲಿಲ್ಲ ಎನ್ನಲಾದೀತೆ? ಇತ್ತು. ಅದು ನಾಮಪದದಲ್ಲಿರಲಿಲ್ಲ, ಕ್ರಿಯಾಪದದ ಬಾಲದಲ್ಲಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ‘ಅನುಮಾನ’ವನ್ನು ನೋಡೋಣ. ಈ ಪದ ಎಷ್ಟು ದೂರ ನಡೆದು ಬಂದಿದೆ ಎಂದು ತಿಳಿದಾಗ ನನಗೇ ಅಚ್ಚರಿಯಾಯಿತು. ಸಂಸ್ಕೃತದಲ್ಲಿ ಅದಕ್ಕೆ ಸಂಶಯ ಎಂಬ ಅರ್ಥ ಮುಖ್ಯವಲ್ಲ. ಕಂಡದ್ದನ್ನು ಹಿಡಿದು ಕಾಣದ್ದನ್ನು ಗೊತ್ತುಮಾಡಿಕೊಳ್ಳುವುದು ಅನುಮಾನ. ಗುಡ್ಡದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ತರ್ಕಶಾಸ್ತ್ರದವರ ಹಳೆಯ ಉದಾಹರಣೆ. ನಮ್ಮ ಅಂಗಳಕ್ಕೆ ಬಂದರೆ ಇನ್ನೂ ಹತ್ತಿರದ ಉದಾಹರಣೆ ಸಿಗುತ್ತದೆ. ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಿಗೆ ಹರವಿ ಒಣಗಿಸುತ್ತಾರಷ್ಟೆ. ಒಣಗಿತೋ ಇಲ್ಲವೋ ಎಂದು ನೋಡಲು ಹಿರಿಯರು ಒಂದು ಸಿಪ್ಪೆಗೋಟನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಅಡಿಕೆ ಕುಗ್ಗಿ ಸಿಪ್ಪೆಯಿಂದ ಬಿಟ್ಟುಕೊಂಡಿದ್ದರೆ ಗಲಗಲ ಎನ್ನುತ್ತದೆ. ಸಿಪ್ಪೆ ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯಿತು. ಶಾಸ್ತ್ರದ ಪ್ರಕಾರ ಇದೇ ಅನುಮಾನ, ಖಚಿತವಾದ ಅರಿವಿಗೆ ಒಂದು ದಾರಿ. ಪ್ರತ್ಯಕ್ಷದ ನಂತರದ ಸ್ಥಾನ ಅದಕ್ಕೆ. ಮರಾಠಿ, ಹಿಂದಿಯವರು ಇಂದಿಗೂ ಆ ಪದವನ್ನು ಅಂದಾಜು, ಊಹೆ ಎಂಬ ಅರ್ಥದಲ್ಲೇ ಇಟ್ಟುಕೊಂಡಿದ್ದಾರೆ. ಕನ್ನಡ ಮತ್ತು ತೆಲುಗಿನಲ್ಲಿ ಮಾತ್ರ ಅದು ಮಗ್ಗುಲು ಬದಲಿಸಿತು. ಹೊಗೆ ಕಂಡವನು ಬೆಂಕಿ ಇದೆ ಎಂದು ತಿಳಿಯುವ ಬದಲು, ಬೆಂಕಿ ಹಚ್ಚಿದವರು ಯಾರು ಎಂದು ನೆರೆಮನೆಯ ಕಡೆ ನೋಡತೊಡಗಿದ ಎನ್ನೋಣವೆ? ಅಂದಾಜು ಮಾಡುವುದಕ್ಕೂ ಆರೋಪ ಹೊರಿಸುವುದಕ್ಕೂ ನಡುವೆ ಇದ್ದ ಬೇಲಿಯನ್ನು ಈ ಪದ ಹಾರಿಬಿಟ್ಟಿದೆ.

‘ಸಂಶಯ’ದ ಹುಟ್ಟು ಇನ್ನೂ ಸ್ವಾರಸ್ಯ. ಅದರಲ್ಲಿರುವುದು ಮಲಗು ಎಂಬ ಅರ್ಥದ ಧಾತು. ಮನಸ್ಸು ಎದ್ದು ಒಂದು ಕಡೆ ನಡೆಯದೆ ಎರಡರ ನಡುವೆ ಮಲಗಿರುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತದ್ದು ಮೋಟುಮರವೋ ಮನುಷ್ಯನೋ ಎಂಬುದು ಇದಕ್ಕೆ ಶಾಸ್ತ್ರದವರು ಕೊಡುವ ಉದಾಹರಣೆ. ತೋಟದಿಂದ ಕತ್ತಲಾದ ಮೇಲೆ ಮನೆಗೆ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೌತಮನ ನ್ಯಾಯಸೂತ್ರದಲ್ಲಿ ತಿಳಿಯಬೇಕಾದ 16 ಪದಾರ್ಥಗಳ ಪಟ್ಟಿ ಇದೆ. ಅದರಲ್ಲಿ ಮೂರನೆಯದೇ ಸಂಶಯ. ನಿರ್ಣಯ ಬರುವುದು ಬಹಳ ಕೆಳಗೆ. ಸಂಶಯವಿಲ್ಲದೆ ವಿಚಾರವೇ ಶುರುವಾಗುವುದಿಲ್ಲ ಎಂದಾಯಿತು. ಮೀಮಾಂಸೆ, ವೇದಾಂತಗಳಲ್ಲೂ ಒಂದೊಂದು ವಿಷಯವನ್ನು ಎತ್ತಿಕೊಂಡಾಗ ಮೊದಲು ವಿಷಯ, ಕೂಡಲೇ ಸಂಶಯ, ಆಮೇಲೆ ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ನಂತರ ಉತ್ತರ ಕೊಡುವ ಕ್ರಮ ಇದು.

ಈ ಶಾಸ್ತ್ರದ ಮಾತೆಲ್ಲ ಎಲ್ಲೋ ಕಾಶಿಯದು ಎಂದುಕೊಳ್ಳಬೇಡಿ. ಶಿರಸಿಯಿಂದ ಸ್ವಲ್ಪ ದೂರದ ಸೋಂದೆಯ ಸೀಮೆಯಲ್ಲೇ ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ಸ್ವಾದಿಯ ಜೈನ ಮಠ ಮೂರೂ ಇವೆ. ಒಬ್ಬರ ಸಿದ್ಧಾಂತ ಇನ್ನೊಬ್ಬರಿಗೆ ಪೂರ್ವಪಕ್ಷ. ಯಾವ ಮಾತನ್ನೂ ‘ಒಂದು ದೃಷ್ಟಿಯಿಂದ’ ಎಂಬ ಷರತ್ತಿನೊಡನೆಯೇ ಹೇಳಬೇಕೆನ್ನುವ ಸ್ಯಾದ್ವಾದ ಜೈನರದು. ಅದು ಸಂಶಯವಾದವಲ್ಲ ಎಂದು ಜೈನ ವಿದ್ವಾಂಸರು ಒತ್ತಿ ಹೇಳುತ್ತಾರೆ. ಎದುರಿನವರು ಅದನ್ನು ಹಾಗೆಯೇ ಕರೆದರು. ನೋಡಿ, ಸಂಶಯ ಎಂಬ ಪದವನ್ನು ಬೈಗುಳವಾಗಿ ಬಳಸುವ ಚಾಳಿ ಎಷ್ಟು ಹಳೆಯದು.

ಇನ್ನು ವ್ಯಾಕರಣದ ಮಾತು. ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು 1604ರಲ್ಲಿ ಬರೆದ ಭಟ್ಟಾಕಳಂಕ ಇದೇ ಸೋಂದೆಯ ಜೈನ ಮಠದ ಶಿಷ್ಯ. ಆದ್ದರಿಂದ ಈ ಊರಲ್ಲಿ ನಿಂತು ವ್ಯಾಕರಣ ಮಾತಾಡುವುದು ಅಧಿಕಪ್ರಸಂಗವಾಗಲಾರದು. ಶಾಲೆಯಲ್ಲಿ ನಾವು ಸಂಭಾವನಾರ್ಥಕ ರೂಪ ಎಂದು ಕಲಿತದ್ದು ನೆನಪಿದೆಯಲ್ಲ? ಬಂದಾನು, ಬಂದೀತು, ಆದೀತು. ಬರುವನೋ ಇಲ್ಲವೋ ಎಂಬ ಸಂಶಯವೆಲ್ಲ ಆ ಒಂದು ಪ್ರತ್ಯಯದಲ್ಲಿದೆ. ‘ಬಂದನೇನೋ’, ‘ಬಂದಿರಬೇಕು’, ‘ಬಂದನಂತೆ’ ಒಂದೊಂದೂ ಬೇರೆ ತೂಕದ ಅನುಮಾನ. ನಾಮಪದವನ್ನು ಸಾಲ ತಂದ ಭಾಷೆ ಕ್ರಿಯಾಪದದಲ್ಲಿ ಎಷ್ಟೊಂದು ಮೆಟ್ಟಿಲು ಕಟ್ಟಿಕೊಂಡಿದೆ!

ನಮ್ಮ ಮೂರು ತಾಲೂಕುಗಳ ಹವಿಗನ್ನಡದಲ್ಲಿ ಇದಕ್ಕೆ ಇನ್ನೂ ಚುರುಕಾದ ಒಂದು ತುಂಡು ಇದೆ: ‘ಅಡ’. ಇದ್ದಡ, ಬಂತಡ, ಆತಡ, ಹೌದಡ. ಪೇಟೆಯ ಕನ್ನಡದ ‘ಅಂತೆ’ಯ ಜಾಗದಲ್ಲಿ ಇದು. (ಈ ಸೀಮೆಯಲ್ಲಿ ಇರುವುದು ಹವ್ಯಕರ ಮಾತೊಂದೇ ಅಲ್ಲ. ನಾನು ಕೇಳಿ ಬೆಳೆದದ್ದು ಅದಾದ್ದರಿಂದ ಅದನ್ನೇ ಹೇಳುತ್ತಿದ್ದೇನೆ.) ನನ್ನ ಅಜ್ಜಿ ಊರಿನ ಸುದ್ದಿ ಹೇಳುವಾಗ ಒಂದು ವಾಕ್ಯಕ್ಕೂ ಈ ‘ಅಡ’ ತಪ್ಪುತ್ತಿರಲಿಲ್ಲ. ‘ಅವರ ಮನೇಲಿ ಕಳ್ಳತನ ಆತಡ.’ ಅಂದರೆ, ನಾನು ಕಂಡಿಲ್ಲ, ಕೇಳಿದ್ದು, ಹೇಳುತ್ತಿದ್ದೇನೆ, ಜವಾಬ್ದಾರಿ ನನ್ನದಲ್ಲ. ತಾನು ಕಣ್ಣಾರೆ ಕಂಡಿದ್ದಾದರೆ ‘ಆತು’ ಎಂದಷ್ಟೇ ಹೇಳುತ್ತಿದ್ದಳು. ತಾನು ಊಹಿಸಿದ್ದಾದರೆ ‘ಆತು ಕಾಣ್ತು’. ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರಕ್ಕೂ ಮೂರು ಬಾಲ. ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ಶಾಸ್ತ್ರದವರು ವಿಂಗಡಿಸಿದ್ದನ್ನು ಅಡುಗೆಮನೆಯಲ್ಲಿ ಕೂತವರು ಎಲೆಗೆ ಸುಣ್ಣ ಹಚ್ಚುತ್ತಾ ವಿಂಗಡಿಸುತ್ತಿದ್ದರು. ‘ಅಂತೆ ಕಂತೆ’ ಎಂದು ನಾವು ಹಗುರವಾಗಿ ನಗುವುದುಂಟು. ಆದರೆ ‘ಅಡ’ ಹಚ್ಚಿದ ಮಾತಿಗೆ ಒಂದು ಗುಣವಿದೆ. ಎದುರು ಕೂತವರು ‘ಯಾರು ಹೇಳಿದ್ದು?’ ಎಂದು ಕೇಳಬಹುದು. ಹೇಳಿದವರ ಹೆಸರು ಬರಲೇಬೇಕು. ಬರದಿದ್ದರೆ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಕನ್ನಡದಲ್ಲಿ ಅನುಮಾನ ‘ಬರುತ್ತದೆ’. ಜ್ವರ ಬರುವಂತೆ, ನಿದ್ದೆ ಬರುವಂತೆ. ‘ನನಗೆ ಅನುಮಾನ ಬಂತು.’ ಬೇಕಾದರೆ ‘ಅನುಮಾನಪಟ್ಟೆ’ ಎನ್ನಬಹುದು. ಆದರೆ ಅದೂ ಕಷ್ಟಪಟ್ಟೆ, ದುಃಖಪಟ್ಟೆ ಎಂಬುದರ ಜಾತಿಯದೇ. ಅನುಭವಿಸಿದವನು ಬಡಪಾಯಿ. ‘ಅನುಮಾನ ಮಾಡಡ’ ಎಂದು ಎದುರಿನವರನ್ನು ಗದರುತ್ತೇವೆ, ನಿಜ. ಆದರೆ ‘ನಾನು ಅನುಮಾನ ಮಾಡಿದೆ’ ಎಂದು ತನ್ನ ಬಗ್ಗೆ ಹೇಳಿಕೊಂಡವರನ್ನು ನಾನು ಕಂಡದ್ದು ಕಡಿಮೆ. ಬೇರೆಯವರು ಮಾಡುತ್ತಾರೆ, ನಮಗೆ ಬರುತ್ತದೆ!

ಹೀಗೆ ಬಂದ ಅನುಮಾನಕ್ಕೆ ಎರಡು ದಾರಿ. ‘ಯಂಗೊಂದು ಸಂಶಯ ಇದ್ದು’ ಎಂದು ಶುರುಮಾಡಿದರೆ ಅದು ನನ್ನದು, ನನ್ನ ಬಳಿ ಇದೆ. ನೀವು ಉತ್ತರ ಹೇಳಿದರೆ ಹೋಗುತ್ತದೆ. ತರಗತಿಯಲ್ಲಿ ಹುಡುಗರು ‘ಸರ್, ಒಂದು ಡೌಟು’ ಎನ್ನುವಾಗ ಅದಕ್ಕೆ ಪ್ರಶ್ನೆ ಎಂಬುದಕ್ಕಿಂತ ಹೆಚ್ಚಿನ ಅರ್ಥವೇ ಇಲ್ಲ. ಇನ್ನೊಂದು ದಾರಿಯಲ್ಲಿ ‘ಮೇಲೆ’ ಎಂಬ ಪುಟ್ಟ ಪದ ಬರುತ್ತದೆ. ‘ಅವ್ನ ಮೇಲೆ ಅನುಮಾನ ಇದ್ದು.’ ಈಗ ಅದು ನನ್ನ ಬಳಿ ಇಲ್ಲ, ಇಳಿದು ಹೋಗಿ ಅವನ ಹೆಗಲೇರಿದೆ. ಹೊತ್ತವನು ಅವನು. ಇಳಿಸಿಕೊಳ್ಳಲು ಅವನ ಕೈಯಲ್ಲಿ ಆಗದು, ಏಕೆಂದರೆ ಅದು ಹುಟ್ಟಿದ್ದು ನನ್ನ ತಲೆಯಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವು ಕಳ್ಳನನ್ನು ಹಿಡಿದ ಜಾಣತನದ ಕಥೆಯೆಂದು ಹೇಳುತ್ತೇವೆ. ನನಗಂತೂ ಈಚೆಗೆ ಆ ಗಾದೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹತ್ತು ಜನ ಒಟ್ಟಿಗೆ ನೋಡಿದರೆ ಕದಿಯದವನೂ ಹೆಗಲು ಮುಟ್ಟಿಕೊಂಡಾನು.

ಮೊದಲನೆಯ ದಾರಿಗೆ, ಎಂದರೆ ‘ನನಗೆ ಸಂಶಯ’ ಎನ್ನುವ ದಾರಿಗೆ, ನಮ್ಮ ಸೀಮೆಯಲ್ಲಿ ಮರ್ಯಾದೆ ಇದೆ. ತಾಳಮದ್ದಲೆಯ ವಾಲಿವಧೆಯನ್ನು ನೆನಪಿಸಿಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನೇ ಕೇಳುತ್ತಾನೆ. ಒಳ್ಳೆಯ ಅರ್ಥಧಾರಿ ವಾಲಿಯಾದ ರಾತ್ರಿ ರಾಮನ ಪಾತ್ರಧಾರಿಗೆ ಬೆವರಿಳಿಯುತ್ತದೆ. ರಾಮಭಕ್ತರೇ ತುಂಬಿರುವ ಸಭೆ ಅದನ್ನು ತಲೆದೂಗಿ ಕೇಳುತ್ತದೆ. ವೇದಿಕೆಯಿಂದ ಕೆಳಗಿಳಿದ ಉದಾಹರಣೆಯೂ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಇಲ್ಲಿಯ ಅಡಿಕೆ ಬೆಳೆಗಾರರು ಮೆರವಣಿಗೆಯಷ್ಟನ್ನೇ ನೆಚ್ಚಿಕೊಳ್ಳಲಿಲ್ಲ. ಅವರ ಸಹಕಾರಿ ಸಂಘ ಮುಂದಾಗಿ 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ಏರ್ಪಡಿಸಿ ವಿಜ್ಞಾನಿಗಳನ್ನೂ ಯೋಜನೆಯವರನ್ನೂ ಕೂರಿಸಿ ಕೇಳಿತು. ಎಷ್ಟು ಕಾಡು ಮುಳುಗುತ್ತದೆ, ಎಷ್ಟು ತೋಟ ಹೋಗುತ್ತದೆ, ಬರುವ ಲಾಭ ಅದಕ್ಕೆ ಸಾಟಿಯೇ? ಕೊನೆಗೆ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಬೇಡ್ತಿ–ವರದಾ ನದಿ ಜೋಡಣೆಯ ವಿಷಯದಲ್ಲಿ ಈ ಜಿಲ್ಲೆಯವರು ಎತ್ತಿದ ಪ್ರಶ್ನೆಗಳೂ ಇದೇ ಜಾತಿಯವು. ಇಂಥ ಸಂಶಯಕ್ಕೆ ಎದುರಿನವರು ಸಿಟ್ಟಾಗಬಹುದು. ಆದರೆ ಅದು ಯಾರ ಹೆಗಲ ಮೇಲೂ ಕೂರುವುದಿಲ್ಲ, ಕಾಗದದ ಮೇಲೆ ಕೂರುತ್ತದೆ.

ಇನ್ನು ಕಾನೂನು. ಇಂಗ್ಲಿಷಿನಲ್ಲಿ ಡೌಟ್ ಬೇರೆ, ಸಸ್ಪಿಷನ್ ಬೇರೆ. ಸಸ್ಪಿಷನ್‌ನಿಂದ ತನಿಖೆ ಶುರುವಾಗುತ್ತದೆ, ಡೌಟ್ ಉಳಿದರೆ ಆರೋಪಿ ಬಿಡುಗಡೆಯಾಗುತ್ತಾನೆ. ಒಂದು ಒಳಗೆ ಕರೆದೊಯ್ಯುವ ಬಾಗಿಲು, ಇನ್ನೊಂದು ಹೊರಗೆ ಬಿಡುವ ಬಾಗಿಲು. ಕನ್ನಡದಲ್ಲಿ ಎರಡೂ ಬಾಗಿಲಿಗೆ ‘ಸಂಶಯ’ ಎಂದೇ ಹಲಗೆ ತೂಗುಹಾಕಿದ್ದೇವೆ. ‘ಸಂಶಯದ ಮೇಲೆ ಬಂಧನ’ವೂ ಹೌದು, ‘ಸಂಶಯದ ಲಾಭ ನೀಡಿ ಖುಲಾಸೆ’ಯೂ ಹೌದು. ಓದುವವರಿಗೆ ಮೊದಲಿನದೇ ತಲೆಯಲ್ಲಿ ಉಳಿಯುವುದರಿಂದ, ಖುಲಾಸೆಯಾಗಿ ಬಂದವನ ಬಗ್ಗೆಯೂ ‘ಸಂಶಯ ಇನ್ನೂ ಇದ್ದು ಕಾಣ್ತು’ ಎನ್ನುತ್ತಾರೆ. ಅಸಹಜ ಸಾವಿನ ದೂರುಗಳನ್ನು ನೋಡಿ. ಮರದಿಂದ ಬಿದ್ದೋ ಹೊಳೆಯಲ್ಲಿ ಮುಳುಗಿಯೋ ತೀರಿಕೊಂಡವರ ಮನೆಯವರು ಕೊಡುವ ದೂರಿನ ಕೊನೆಗೆ ‘ಮರಣದಲ್ಲಿ ಬೇರೆ ಯಾವುದೇ ಸಂಶಯ ಇರುವುದಿಲ್ಲ’ ಎಂಬ ಅರ್ಥದ ಸಾಲು ಇರುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಕಾಲದಿಂದ ಬಂದದ್ದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಆ ಜಾಗಕ್ಕೆ ಬಂದಿದೆ. ಬೇರೆ ಯಾರೋ ಅಪರಾಧ ಮಾಡಿರಬಹುದೆಂಬ ಸಂಶಯಕ್ಕೆ ಕಾರಣವಿದ್ದರೆ ಅದನ್ನು ವಿಚಾರಿಸಬೇಕೆನ್ನುವುದು ಕಾನೂನಿನ ಉದ್ದೇಶ. ಆದರೆ ಹೆಣ ಅಂಗಳದಲ್ಲಿರುವಾಗ ಆ ಸಾಲಿನ ಕೆಳಗೆ ರುಜು ಹಾಕುವ ಮಗನಿಗೆ ಅದು ಹೇಗೆ ಕೇಳಿಸೀತು? ಅಂಥ ಒಬ್ಬರು ‘ಇದೆಂತಕ್ಕೆ ಬರೀತ್ರಿ, ಯಾರಿಗೆ ಸಂಶಯ ಬಂದಿತ್ತು?’ ಎಂದು ಕೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದ್ದೇನೆ.

ಕಾಯಿಲೆಗೂ ಈ ಪದ ಅಂಟುತ್ತದೆ. 1957ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕನ್ನು ಚೆನ್ನಾಗಿ ಕಾಡಿತು. ಉಣ್ಣೆ ಕಚ್ಚಿ ಬರುವ ಜ್ವರ ಅದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರಕ್ತ ಪರೀಕ್ಷೆಯ ವರದಿ ಬರುವ ತನಕ ರೋಗಿಯನ್ನು ‘ಶಂಕಿತ’ ಎನ್ನುತ್ತೇವೆ. ಶಂಕೆ ಇರುವುದು ವೈದ್ಯರಿಗೆ, ಜ್ವರದ ಬಗ್ಗೆ. ಆದರೆ ಭಯೋತ್ಪಾದಕನಿಗೂ ಶಂಕಿತ, ಜ್ವರ ಬಂದ ಹೆಂಗಸಿಗೂ ಶಂಕಿತೆ. ಅದೇ ಪುಟದಲ್ಲಿ, ಅದೇ ಅಕ್ಷರದಲ್ಲಿ.

ನನ್ನ ತಪ್ಪನ್ನು ಹೇಳುವ ಹೊತ್ತು ಬಂತು. ಕೆಲಸಕ್ಕೆ ಸೇರಿದ ಹೊಸತು. ಅಡಿಕೆ ಕೊಯ್ಲಿನ ದಿನಗಳು. ಅಟ್ಟದಲ್ಲಿದ್ದ ಕೆಲವು ಚೀಲ ಅಡಿಕೆ ಒಂದು ಮನೆಯಿಂದ ಕಳವಾಯಿತು. ಊರಿನ ಹೆಸರು, ತಾಲೂಕಿನ ಹೆಸರು ಬೇಡ. ಸುದ್ದಿ ಮೂರೇ ಸಾಲಿನದಾಗಿತ್ತು. ಇನ್ನೊಂದು ಸಾಲು ಇದ್ದರೆ ಕಾಲಮ್ಮು ಸರಿಹೋಗುತ್ತದೆ ಎಂದು ಕಚೇರಿಯಿಂದ ಫೋನು. ನಾನು ಸೇರಿಸಿದೆ: ‘ಮನೆಯ ಪರಿಚಯವಿದ್ದವರೇ ಈ ಕೃತ್ಯ ನಡೆಸಿರಬಹುದೆಂದು ಶಂಕಿಸಲಾಗಿದೆ.’ ಯಾರು ಶಂಕಿಸಿದ್ದು? ಮನೆಯ ಯಜಮಾನರು ಹಾಗೆ ಹೇಳಿರಲಿಲ್ಲ. ಪೊಲೀಸರೂ ಹೇಳಿರಲಿಲ್ಲ. ಬಾಗಿಲು ಮುರಿದಿರಲಿಲ್ಲ ಎಂಬುದೊಂದೇ ನನಗೆ ಗೊತ್ತಿದ್ದದ್ದು. ನನ್ನ ಅಜ್ಜಿಯಾಗಿದ್ದರೆ ‘ಕಾಣ್ತು’ ಎಂದು ಹೇಳಿ ಊಹೆಯನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಳು. ನಾನು ‘ಲಾಗಿದೆ’ ಎಂದು ಬರೆದು ಜಾರಿಕೊಂಡೆ. ‘ಶಂಕಿಸಲಾಗಿದೆ’ ಎಂಬಲ್ಲಿ ಶಂಕಿಸಿದವನೇ ಇಲ್ಲ. ‘ಯಾರು ಹೇಳಿದ್ದು?’ ಎಂದು ಪತ್ರಿಕೆಯನ್ನು ಎದುರು ಕೂರಿಸಿ ಕೇಳುವುದೂ ಆಗುವುದಿಲ್ಲ.

ಆ ಮನೆಗೆ ಪರಿಚಯವಿದ್ದವರು, ದಿನಾ ಒಳಗೆ ಹೊರಗೆ ಓಡಾಡುತ್ತಿದ್ದವರು, ಒಂದೇ ಕುಟುಂಬ. ಅಡಿಕೆ ಸುಲಿಯಲು, ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಗಂಡ ಹೆಂಡತಿ. ಯಜಮಾನರು ಅವರಿಗೆ ಏನೂ ಅನ್ನಲಿಲ್ಲವಂತೆ. ಕೆಲಸಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಪತ್ರಿಕೆ ಓದಿದ ಅಕ್ಕಪಕ್ಕದವರೂ ನಿಲ್ಲಿಸಿದರು. ಕಳವಾದ ಅಡಿಕೆ ಇವತ್ತಿನ ತನಕ ಪತ್ತೆಯಾಗಿಲ್ಲ.

ಐದಾರು ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಆ ಗಂಡ ಸಿಕ್ಕಿದರು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಸುದ್ದಿ ಬರೆದದ್ದು ನಾನೇ ಎಂದು ಯಾರೋ ತೋರಿಸಿದ್ದರು. ಜಗಳಕ್ಕೆ ಬಂದರೆಂದುಕೊಂಡು ನಾನು ಮೊದಲೇ ಹೇಳಿದೆ, ‘ನಿಮ್ಮ ಹೆಸರು ನಾನು ಬರೆದೇ ಇಲ್ಲವಲ್ಲ.’

‘ಅದೇ ಪೇಪರ್‌ನವರೇ, ಬರೀಬೇಕಿತ್ತು ನೀವು’ ಎಂದರು. ‘ಹೆಸರು ಹಾಕಿದ್ದರೆ ನಾನಲ್ಲ ಅಂತ ಹೇಳಬಹುದಿತ್ತು. ಹೆಸರೇ ಇಲ್ಲದಿದ್ದ ಮೇಲೆ ಯಾರ ಹತ್ತಿರ ಹೋಗಿ ಹೇಳೋದು?’

ಅವರ ಬಸ್ಸು ಬಂತು, ಹೋದರು. ಮರುದಿನ ನಾನು ಸಂಪಾದಕರಿಗೆ ವಿಷಯ ಹೇಳಿ, ಆ ಸಾಲಿಗೆ ಯಾರ ಹೇಳಿಕೆಯ ಆಧಾರವೂ ಇರಲಿಲ್ಲವೆಂದು ಎರಡು ಸಾಲು ಬರೆದುಕೊಟ್ಟೆ. ಒಳಪುಟದಲ್ಲಿ, ಕೆಳಗಡೆ, ಹವಾಮಾನದ ಪಕ್ಕ ಅಚ್ಚಾಯಿತು. ಆ ದಿನದ ಪತ್ರಿಕೆಯನ್ನು ತೆಗೆದುಕೊಂಡು ಆ ಊರಿಗೆ ಹೋದೆ. ಮನೆಗೆ ಬೀಗ ಹಾಕಿತ್ತು. ಗಂಡ ಹೆಂಡತಿ ಇಬ್ಬರೂ ಘಟ್ಟದ ಕೆಳಗೆ ಕೆಲಸ ಹುಡುಕಿಕೊಂಡು ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಪತ್ರಿಕೆಯನ್ನು ಅವರ ಕೈಯಲ್ಲಿ ಕೊಟ್ಟೆ. ಅವರು ಆ ಎರಡು ಸಾಲು ಓದಿ, ಮಡಚಿ, ‘ಹಂಗಾರೆ ಕದ್ದವ್ರು ಯಾರಡ?’ ಎಂದು ನನ್ನನ್ನೇ ಕೇಳಿದರು.